ಹಳದಿ ಬಣ್ಣ ಹೋದರೆ ಹೈಡ್ರೋಜನೇಶನ್ ಆಯ್ತೇನ್ರಿ?

ಇವತ್ತು ಕಲಬುರಗಿಯ ಒಂದು ವಿಚಾರ ಸಂಕಿರಣದ ಪೋಸ್ಟರ್‌ಗಳನ್ನು ನೋಡಿ ಬಂದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಹೈಡ್ರೋಜನೇಶನ್ ಅಂದರೆ ಲೋಹದ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಇಟ್ಟು ವಸ್ತುವಿಗೆ ಹೈಡ್ರೋಜನ್ ಸೇರಿಸುವುದು. ಪೋಸ್ಟರ್‌ಗಳಲ್ಲಿ ಮತ್ತೆ ಅದೇ ನ್ಯಾನೊ ಪಲ್ಲಾಡಿಯಂ ಕ್ಯಾಟಲಿಸ್ಟ್, ಅದೇ 4-ನೈಟ್ರೋಫೀನಾಲಿನ ಹಳದಿ ದ್ರಾವಣ, ಹೈಡ್ರೋಜನ್ ಅನಿಲದ ಬದಲು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸೋಡಿಯಂ ಬೋರೋಹೈಡ್ರೈಡ್. ಆ ಹಳದಿ ಬೆಳಕು ಹೀರುವುದನ್ನು ತೋರಿಸುವ 400 ನ್ಯಾನೊಮೀಟರಿನ ಶಿಖರ ಇಳೀತು, ಹಳದಿ ಹೋಯ್ತು, ಔಷಧ ಕಾರ್ಖಾನೆಗೆ ಸಿದ್ಧ ಅಂತ ಬರೆದುಬಿಟ್ಟರು.

ಅಲ್ರೀ, ಒತ್ತಡದ ಹೈಡ್ರೋಜನ್ ಇದರಲ್ಲಿ ಎಲ್ಲಿದೆ? ಬೀದರಿನ ಕೊಳಾರದಲ್ಲಿ, ಯಾದಗಿರಿಯ ಕಡೇಚೂರಿನಲ್ಲಿ ಔಷಧ ಕಾರ್ಖಾನೆಗಳಲ್ಲಿ ಆಟೋಕ್ಲೇವ್ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ನಡೆಸುವವರಿಗೆ ಮೊದಲ ತಲೆನೋವೇ ಆ ಅನಿಲ. ಅದು ದ್ರಾವಕವಾದ ಮೆಥನಾಲಿನಲ್ಲಿ ಕರಗಬೇಕು, ಪಲ್ಲಾಡಿಯಂ ಹೊತ್ತ ಕಾರ್ಬನ್ನಿನ ರಂಧ್ರದೊಳಗೆ ಇಳಿಯಬೇಕು, ಆಮೇಲೆ ಲೋಹದ ಮಾತು. ಕಲಕುವ ಸ್ಟರರ್‌ನ ವೇಗವನ್ನು 400ರಿಂದ 800, 1200 ಆರ್‌ಪಿಎಂಗೆ ಏರಿಸಿದಂತೆ ಕ್ರಿಯೆಯೂ ಚುರುಕಾಗುತ್ತಿದ್ದರೆ ನೀವು ಅಳೆದದ್ದು ಸ್ಟರರನ್ನು, ಕ್ಯಾಟಲಿಸ್ಟನ್ನಲ್ಲ. ಕ್ಯಾಟಲಿಸ್ಟ್ ಇಮ್ಮಡಿ ಹಾಕಿದರೂ ವೇಗ ಇಮ್ಮಡಿ ಆಗಲಿಲ್ಲವೆಂದರೆ ಅನಿಲ ಸಾಲುತ್ತಿಲ್ಲ.

ಕಣ ಸಣ್ಣದಾದಷ್ಟೂ ಒಳ್ಳೆಯದು ಅನ್ನೋದೂ ಅರ್ಧ ಮಾತು. 5 ನ್ಯಾನೊಮೀಟರಿನ ಪಲ್ಲಾಡಿಯಂ ಕಣದಲ್ಲಿ ನೂರಕ್ಕೆ ಸುಮಾರು 20 ಪರಮಾಣು ಹೊರಮೈಯಲ್ಲಿರುತ್ತವೆ, 2 ನ್ಯಾನೊಮೀಟರಿನಲ್ಲಿ 50ರ ಆಸುಪಾಸು. ಕ್ರಿಯೆ ನಡೆಯೋದು ಹೊರಮೈಯಲ್ಲೇ, ಹಾಗಾಗಿ ಲಾಭ ದೊಡ್ಡದೇ. ಆದರೆ ಅಷ್ಟು ಸಣ್ಣ ಕಣಗಳೇ ಬಿಸಿಗೆ ಬೇಗ ಸರಿದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಡದಿರಲಿ ಅಂತ ಪಿವಿಪಿ ಎಂಬ ಪಾಲಿಮರ್ ಹೊದಿಸಿದರೆ ಅದೇ ಲೋಹದ ಮೈ ಮುಚ್ಚುತ್ತದೆ. ಕಚ್ಚಾಮಾಲಿನಲ್ಲಿ ಚೂರು ಗಂಧಕ ಇದ್ದರೂ ಪಲ್ಲಾಡಿಯಂಗೆ ವಿಷ. ಶುದ್ಧ ನೈಟ್ರೋಫೀನಾಲಿನಲ್ಲಿ ಅದು ಗೊತ್ತೇ ಆಗೋದಿಲ್ಲ.

ಸಿಲಿಂಡರ್ ಇಲ್ಲ, ಆಟೋಕ್ಲೇವ್ ಇಲ್ಲ, ಇದು ಬರೀ ಮಾದರಿ ಕ್ರಿಯೆ ಅಂತಾರೆ ಪೋಸ್ಟರಿನವರು. ಇರಲಿ, ಕಲಿಯಲು ಚೆನ್ನಾಗಿದೆ. ಹಾಗಾದರೆ ಮಾದರಿ ಅಂತಲೇ ಬರೀರಿ, ಕಾರ್ಖಾನೆಯ ಹೆಸರು ಯಾಕೆ ತರ್ತೀರಿ?

ಐದು ಸಲ ಮರುಬಳಕೆ, ಪ್ರತಿ ಸಲ ಶೇ 99 ಪರಿವರ್ತನೆ ಅನ್ನೋದು ಇನ್ನೂ ಸಿಟ್ಟು ತರಿಸುತ್ತದೆ. 20 ನಿಮಿಷಕ್ಕೆ ಮುಗಿಯುವ ಕ್ರಿಯೆಯನ್ನು 2 ಗಂಟೆ ಬಿಟ್ಟು ಅಳೆದರೆ ಅರ್ಧ ಸತ್ತ ಕ್ಯಾಟಲಿಸ್ಟೂ 99 ತೋರಿಸುತ್ತದೆ. ಕ್ರಿಯೆ ಶೇ 30 ಆದಾಗಲೇ ಅಳೀರಿ. ಆಗಲೇ ಬಿಸಿಯಾಗಿ ಸೋಸಿ, ಸೋಸಿದ ದ್ರವಕ್ಕೆ ಮತ್ತೆ ಹೈಡ್ರೋಜನ್ ಕೊಡಿ. ಕ್ರಿಯೆ ಮುಂದುವರಿದರೆ ಲೋಹ ಕರಗಿ ಬಂದಿದೆ ಅಂತ ತಿಳೀರಿ. ಹಾಗೆ ಕರಗಿದ್ದು ಔಷಧಕ್ಕೂ ಸೇರೀತು, ನುಂಗುವ ಔಷಧದಲ್ಲಿ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ದಾಟುವಂತಿಲ್ಲ.

ಪೋಸ್ಟರ್ ಮಾಡಿದ ಇದೇ ಹುಡುಗ ಹುಡುಗಿಯರು ನಾಳೆ ಅದೇ ಕೊಳಾರದಲ್ಲಿ ರಾತ್ರಿ ಪಾಳಿಗೆ ನಿಲ್ಲುವವರು. ಹೈಡ್ರೋಜನ್ ಬಿಡುವ ಮೊದಲು ಆಟೋಕ್ಲೇವಿಗೆ ನೈಟ್ರೋಜನ್ ಮೂರು ಸಲ ತುಂಬಿ ಹೊರಬಿಡಬೇಕು, ಬ್ಯಾಚ್ ಮುಗಿದ ಮೇಲೂ ಹಾಗೇ. ಸೋಸಿದ ಪಲ್ಲಾಡಿಯಂ ಕಾರ್ಬನ್ ಒಣಗಲು ಬಿಡಬಾರದು, ಸದಾ ನೀರಿನಲ್ಲಿ ಒದ್ದೆ ಇರಬೇಕು. ಒಣಗಿದ್ದಕ್ಕೆ ಮೆಥನಾಲ್ ಆವಿ ಇರುವಲ್ಲಿ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಇದನ್ನು ಯಾವ ಪೋಸ್ಟರಿನಲ್ಲೂ ಒಂದು ಸಾಲು ಬರೆದಿರಲಿಲ್ಲ.