ಆ ನೀಲಿ ಕೋಟು ಬಿಚ್ಚೋಕೆ ಬರಬೇಕು

ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲೀಡ್ಸ್‌ನಲ್ಲಿರುವ ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಮೊಮ್ಮಗಳಿಗೆ ಐದು ತುಂಬಿದೆ. ಅವಳಿಗೆ ಪೀಟರ್ ರ‍್ಯಾಬಿಟ್ ಅಂದರೆ ಪ್ರಾಣ. ಬಿಯಾಟ್ರಿಕ್ಸ್ ಪಾಟರ್ ಬರೆದ ಒಂದು ತುಂಟ ಮೊಲದ ಕತೆ ಅದು. ದಿನಾ ರಾತ್ರಿ ಅದೇ ಪುಟ್ಟ ಪುಸ್ತಕ ಬೇಕು. ಸೊಸೆ ಇಂಗ್ಲಿಷಿನಲ್ಲಿ ಓದುತ್ತಾಳೆ, ಆಮೇಲೆ ನಾನು ಕನ್ನಡದಲ್ಲಿ ಹೇಳಬೇಕು. ಹಾಗಾಗಿ ಕತೆ ನನಗೂ ಬಾಯಿಪಾಠ ಆಗಿದೆ.

ಅಮ್ಮ ಬೇಡ ಅಂದರೂ ಕೇಳದೆ ಪೀಟರ್ ಮೆಕ್‌ಗ್ರೆಗರ್ ತೋಟಕ್ಕೆ ನುಗ್ಗುತ್ತಾನೆ. ಅವನ ಅಪ್ಪ ಅದೇ ತೋಟದಲ್ಲಿ ಸಿಕ್ಕಿ ಆ ಮನೆಯವರ ಊಟವಾಗಿದ್ದ. ಮೆಕ್‌ಗ್ರೆಗರ್ ಅಟ್ಟಿಸಿಕೊಂಡು ಬರುವಾಗ ಪೀಟರನ ಒಂದು ಶೂ ಕೋಸಿನ ಗಿಡಗಳ ನಡುವೆ ಬೀಳುತ್ತದೆ, ಇನ್ನೊಂದು ಆಲೂಗಡ್ಡೆ ಗಿಡಗಳ ನಡುವೆ. ಆಮೇಲೆ ಕೋಟಿನ ದಪ್ಪ ಗುಂಡಿಗಳು ಬಲೆಗೆ ಸಿಕ್ಕಿಕೊಳ್ಳುತ್ತವೆ. ಹೊಸಾ ನೀಲಿ ಕೋಟು, ಹಿತ್ತಾಳೆ ಗುಂಡಿ. ಅದರೊಳಗಿಂದ ನುಸುಳಿ ಬಂದಿದ್ದಕ್ಕೇ ಅವನು ಬದುಕಿದ. ಮೆಕ್‌ಗ್ರೆಗರ್ ಆ ಕೋಟು, ಶೂ ಎಲ್ಲ ತಗೊಂಡು ಬೆರ್ಚಪ್ಪ ಮಾಡಿ ನಿಲ್ಲಿಸುತ್ತಾನೆ. ಹದಿನೈದು ದಿನದಲ್ಲಿ ಪೀಟರ್ ಕಳೆದುಕೊಂಡ ಎರಡನೇ ಕೋಟು ಅದು!

ಕೋಟು ಮೈಯಿಂದ ಬಿಟ್ಟುಹೋಗದಿದ್ದರೆ ಆ ಕತೆಯೇ ಇಲ್ಲ, ಅಲ್ವಾ?

ಶನಿವಾರ ಎಲ್ಲರೂ ಲೇಕ್ ಡಿಸ್ಟ್ರಿಕ್ಟ್ ಅನ್ನೋ ಕೆರೆ-ಗುಡ್ಡಗಳ ಸೀಮೆಗೆ ಹೋಗಿದ್ದೆವು. ವಿಂಡರ್‌ಮಿಯರ್ ಕೆರೆಯ ದಡದ ಬೌನೆಸ್ ಊರಿನಲ್ಲಿ ಬಿಯಾಟ್ರಿಕ್ಸ್ ಪಾಟರ್ ಕತೆಗಳ ದೃಶ್ಯಗಳನ್ನು ದೊಡ್ಡದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಪುಟ್ಟಿ ಒಂದೊಂದರ ಮುಂದೂ ನಿಂತು ನನಗೇ ಕತೆ ಹೇಳಿದಳು. ನನಗೆ ಅಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತೋ. ವಾಪಸ್ ಬರುವಾಗ ದಾರಿಯಲ್ಲಿ ಇನ್ನೊಂದು ಊರಿನ ಅಂಗಡಿಗೆ ನುಗ್ಗಿದೆವು. ಮಗ್, ಟವೆಲ್, ತಲೆದಿಂಬು, ಬಿಸ್ಕತ್ ಡಬ್ಬಿ, ಎಲ್ಲದರ ಮೇಲೂ ಪೀಟರ್. 18 ಪೌಂಡ್ ಕೊಟ್ಟು ಒಂದು ಪೀಟರ್ ಗೊಂಬೆ ಕೊಡಿಸಿದೆ.

ಕಾರಿನಲ್ಲಿ ಕೂತ ತಕ್ಷಣ ಪುಟ್ಟಿ ಗೊಂಬೆಯ ಕೋಟು ಎಳೆಯತೊಡಗಿದಳು. "ಅಜ್ಜಿ, ಇದು ಬಿಚ್ಚೋಕೇ ಬರ್ತಿಲ್ಲ." ಜೋರಾಗಿ ಎಳೆದಳು, ದಾರ ಕಿತ್ತು ಬಂತು, ಅಳು ಶುರುವಾಯಿತು.

ಇಸ್ಕೊಂಡು ನೋಡಿದೆ. ದಾವಣಗೆರೆಯಲ್ಲಿ 22 ವರ್ಷ ಟೈಲರಿಂಗ್ ಅಂಗಡಿ ನಡೆಸಿದವಳು ನಾನು, ನಿಮಗೆಲ್ಲ ಗೊತ್ತೇ ಇದೆ. ಕೋಟಿನ ಅಂಚನ್ನು ಮೊಲದ ಮೈಗೇ ಸೇರಿಸಿ ಮೆಷಿನ್ ಓಡಿಸಿದ್ದಾರೆ. ಗುಂಡಿ ಇರಬೇಕಾದ ಕಡೆ ಹಳದಿ ದಾರದಲ್ಲಿ ಎರಡು ಸುತ್ತು. ಕಾಜಾ ಅಂತೂ ಇಲ್ಲವೇ ಇಲ್ಲ. ತೋಳು ಹಿಸುಕಿ ನೋಡಿದರೆ ಒಳಗೆ ಕೈಯೂ ಇಲ್ಲ, ನೀಲಿ ಬಟ್ಟೆಯೊಳಗೆ ನೇರ ಹತ್ತಿ ತುಂಬಿದ್ದಾರೆ. ಆ ಕೋಟು ಬಿಚ್ಚಿದರೆ ಮೊಲಕ್ಕೆ ಕೈಯೇ ಇರುವುದಿಲ್ಲ. ಬಲೆಗೆ ಸಿಕ್ಕರೆ ಈ ಪೀಟರ್ ಅಲ್ಲೇ ಸಾಯಬೇಕು.

ಇದನ್ನು ಮಾಡಿದವರು ಆ ಪುಸ್ತಕ ತೆರೆದು ನೋಡಿಲ್ಲ. ನೋಡಿದ್ದರೆ ಮೊದಲು ಕೋಟಿನ ಬಗ್ಗೆ ಯೋಚಿಸುತ್ತಿದ್ದರು.

ಮಗ ಹೇಳಿದ, "ಅಮ್ಮ, ಚಿಕ್ಕ ಮಕ್ಕಳು ಗುಂಡಿ ನುಂಗಿಬಿಡ್ತಾರೆ, ಅದಕ್ಕೇ ಹಾಗೆ ಹೊಲೀತಾರೆ." ಒಪ್ಪಿದೆ. ಎರಡು ವರ್ಷದ ಮಗುವಿಗೆ ಹಾಗೇ ಹೊಲಿಯಲಿ. ಕತೆ ಕೇಳುವ ವಯಸ್ಸಿನ ಮಕ್ಕಳಿಗೆ ಒಂದು ಅಂಗುಲ ವೆಲ್‌ಕ್ರೋ ಹಾಕಿದರೆ ಸಾಕಲ್ಲ? ಅದಕ್ಕೆಷ್ಟು ಖರ್ಚು? ಗುಂಡಿಯೇ ಬೇಡ, ಕೋಟು ಬಿಚ್ಚೋಕೆ ಬಂದರೆ ಸಾಕು.

ಇಲ್ಲಿನ ಗೆಳತಿಯೊಬ್ಬರು, ಇದೆಲ್ಲ ಪುಸ್ತಕದ ಹೆಸರಲ್ಲಿ ದುಡ್ಡು ಮಾಡೋ ದಾರಿ, ಗೊಂಬೆ ಕೊಂಡಿದ್ದೇ ತಪ್ಪು ಅಂದರು. ಇದನ್ನು ನಾನು ಒಪ್ಪುವುದಿಲ್ಲ. ಪೀಟರ್ ಗೊಂಬೆಯನ್ನು ಮೊದಲು ಮಾಡಿದ್ದು ಬಿಯಾಟ್ರಿಕ್ಸ್ ಪಾಟರ್ ಅವರೇ. ಕತೆ ಹುಟ್ಟಿದ್ದು 1893ರಲ್ಲಿ, ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನಿಗೆ ಬರೆದ ಒಂದು ಕಾಗದದಲ್ಲಿ. ಪ್ರಕಾಶಕರು ಬೇಡ ಅಂದಾಗ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. 1902ರಲ್ಲಿ ಪ್ರಕಾಶಕರ ಮೂಲಕ ಪುಸ್ತಕ ಬಂತು. ಮರುವರ್ಷವೇ ಬಟ್ಟೆ ಕತ್ತರಿಸಿ ಗೊಂಬೆ ಹೊಲಿಯಲು ಕೂತರು. ಮೀಸೆಗೆ ಬ್ರಷ್‌ನಿಂದ ಕೂದಲು ಕಿತ್ತು ಹಾಕಿದರು. 1903ರ ಡಿಸೆಂಬರಿನಲ್ಲಿ ಅದನ್ನು ಪೇಟೆಂಟ್ ಆಫೀಸಿನಲ್ಲಿ ನೋಂದಾಯಿಸಿದರು. ಇಂಗ್ಲೆಂಡಿನಲ್ಲೇ ಮಾಡಿಸಬೇಕು ಅಂತ ಓಡಾಡಿದರು, ಜರ್ಮನಿಯ ಅಗ್ಗದ ಆಟಿಕೆಗಳ ಮುಂದೆ ಅದು ನಡೆಯಲಿಲ್ಲ. ಪುಸ್ತಕದ ದುಡ್ಡು, ಜತೆಗೆ ಸಂಬಂಧಿಯೊಬ್ಬರು ಬಿಟ್ಟುಹೋದ ದುಡ್ಡು ಸೇರಿಸಿ 1905ರಲ್ಲಿ ಅದೇ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಿಲ್ ಟಾಪ್ ತೋಟ ಕೊಂಡರು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಜಾಸ್ತಿ ಜಮೀನನ್ನು ನ್ಯಾಷನಲ್ ಟ್ರಸ್ಟ್ ಅನ್ನೋ, ಹಳೇ ಜಾಗಗಳನ್ನು ಕಾಪಾಡುವ ಸಂಸ್ಥೆಗೆ ಬಿಟ್ಟರು. ಶನಿವಾರ ನಾವು ಕಣ್ತುಂಬ ನೋಡಿದ ಆ ಗುಡ್ಡದ ಸೀಮೆ ಇವತ್ತಿಗೂ ಹಾಗೇ ಉಳಿದಿರುವುದರಲ್ಲಿ ಈ ಮೊಲದ ಪಾಲೂ ಇದೆ. ಮಾರಲಿ, ಚೆನ್ನಾಗಿ ಮಾರಲಿ. ಬ್ರಷ್‌ನ ಕೂದಲು ಕಿತ್ತು ಮೀಸೆ ಮಾಡಿದವರ ಶ್ರದ್ಧೆಯಲ್ಲಿ ಸ್ವಲ್ಪವಾದರೂ ಇರಲಿ ಅಂತ ನನ್ನ ಮಾತು.

ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಮಗನಿಗೆ ಐದು ವರ್ಷವಿದ್ದಾಗ ಮದುವೆ ಸೀಸನ್‌ನಲ್ಲಿ ರಾತ್ರಿ ಹನ್ನೊಂದರವರೆಗೂ ಬ್ಲೌಸ್ ಹೊಲಿಯುತ್ತಿದ್ದೆ. ಅವನು ಬಟ್ಟೆ ಚೂರುಗಳ ರಾಶಿ ಮೇಲೇ ಮಲಗಿಬಿಡುತ್ತಿದ್ದ. ಒಂದು ದಿನ ಕೂಡ ಪಕ್ಕದಲ್ಲಿ ಕೂತು ಕತೆ ಹೇಳಲಿಲ್ಲ. ಆ ಸಂಕಟ ಈಗಲೂ ಇದೆ. ಅದಕ್ಕೇ ಪುಟ್ಟಿಗೆ ಹೇಳಿದ ಕತೆ ಗೊಂಬೆಯ ಹೊಲಿಗೆಯಲ್ಲಿ ಸುಳ್ಳಾದಾಗ ಸುಮ್ನೆ ಇರೋಕೆ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಕೂತು ಹೊಲಿಗೆ ಎಲ್ಲ ಬಿಚ್ಚಿದೆ. ಮಗನ ಹಳೇ ಕಂದು ಸ್ವೆಟರ್ ಕತ್ತರಿಸಿ ಎರಡು ಕೈ ಮಾಡಿದೆ. ಕೋಟಿಗೆ ಹೊಸ ತೋಳು ಬೇಕಾಯಿತು, ಸೊಸೆಯ ಹಳೇ ಜೀನ್ಸ್ ಆಯಿತು. ಕೈಯಲ್ಲೇ ಎರಡು ಕಾಜಾ ಹಾಕಿ ಹಿತ್ತಾಳೆ ಬಣ್ಣದ ಗುಂಡಿ ಇಟ್ಟೆ. ಪುಟ್ಟಿ ಅದನ್ನು ಎಷ್ಟು ಸಲ ಹಾಕಿ ಬಿಚ್ಚಿದಳೋ ಲೆಕ್ಕ ಇಲ್ಲ.

ಈಗ ಕೋಟು ಹಿತ್ತಲಿನ ಬೀನ್ಸ್ ಬಳ್ಳಿಯ ಕೋಲಿನ ಮೇಲಿದೆ. ನಿನ್ನೆ ಮಳೆಯಲ್ಲಿ ತೊಯ್ದು ತೊಪ್ಪೆಯಾಯಿತು, ಒಳಗೆ ತರೋಕೆ ಬಿಡಲಿಲ್ಲ. ಪೀಟರ್ ರಗ್ಗು ಹೊದ್ದು ಮಲಗಿದ್ದಾನೆ. ಪುಸ್ತಕದಲ್ಲಿ ಅವನಮ್ಮ ಕ್ಯಾಮೊಮೈಲ್ ಚಹಾ ಕೊಡುತ್ತಾಳೆ, ನಮ್ಮನೆಯಲ್ಲಿ ಜೀರಿಗೆ ಕಷಾಯ.

ಇವತ್ತು ಬೆಳಿಗ್ಗೆ ಪುಟ್ಟಿ ಹಾಸಿಗೆ ಹತ್ತಿರ ಬಂದು ಕೇಳಿದಳು. "ಅಜ್ಜಿ, ಇನ್ನೊಂದು ಕೋಟು ಹೊಲೀತೀಯಾ? ಎರಡು ಕಳೀಬೇಕಲ್ಲ."

ಸಂಜೆ ನೀಲಿ ಬಟ್ಟೆ ತರೋಕೆ ಹೋಗುತ್ತಿದ್ದೇವೆ.