ಎಸ್ಸೆಮ್ಮೆಸ್ ಅಂದರೆ 160 ಅಕ್ಷರ? ಯಾವಾಗಲೂ ಅಲ್ಲ

"ಯಾವ ಭಾಷೆಯಾದರೂ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಅಷ್ಟರೊಳಗೇ ಎರಡಾದರೆ ಅದು ಮೋಸ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ಮಿತಿ ಇರುವುದು ಜಾಗಕ್ಕೆ: 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160. ಕನ್ನಡಕ್ಕೆ ಸಾಮಾನ್ಯವಾಗಿ 16 ಬಿಟ್ ಬೇಕು, ಹಾಗಾಗಿ 70. ಅದರಲ್ಲೂ ನಾವು ಎಣಿಸುವ ಹಾಗೆ ಫೋನು ಎಣಿಸುವುದಿಲ್ಲ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಅಲ್ವಾ? ಫೋನಿಗೆ ಅದು ಆರು: ಸ, ತ, ರ, ನಡುವೆ ಎರಡು ಹಲಂತ (ಒತ್ತಕ್ಷರ ಕೂಡಿಸುವ ಗುರುತು), ಕೊನೆಗೆ ದೀರ್ಘ ಈಕಾರ. ಇಂಗ್ಲಿಷ್ ಸಂದೇಶಕ್ಕೆ ಸುಮ್ನೆ ಒಂದು ಇಮೋಜಿ ಅಂಟಿಸಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ. ಉದ್ದ ಜಾಸ್ತಿಯಾಗಿ ತುಂಡಾದರೆ ತುಂಡಿಗೆ 67 ಮಾತ್ರ. ಉಳಿದ ಜಾಗ ಅವನ್ನು ಮತ್ತೆ ಜೋಡಿಸುವ ಗುರುತಿಗೆ ಹೋಗುತ್ತದೆ.