ನಕ್ಷೆ ಕೊಡುತ್ತಾರೆ, ಖರ್ಚು ಹೇಳುವುದಿಲ್ಲ

ಅಮೆರಿಕದ ಒಬ್ಬ ಹವ್ಯಾಸಿ ತನ್ನ ಮನೆಯ ಶೆಡ್ಡಿನಲ್ಲಿ ಕಟ್ಟಿದ, ಇಬ್ಬರು ಕೂರಬಹುದಾದ ಜಲಾಂತರ್ಗಾಮಿಯನ್ನು ಸರೋವರಕ್ಕೆ ಇಳಿಸುವ ವಿಡಿಯೊವನ್ನು ನಿನ್ನೆ ರಾತ್ರಿ ನೋಡಿದೆ. ಬಾಯ್ಲರು, ಪ್ರೆಷರ್ ವೆಸೆಲ್‌ಗಳ (ಒತ್ತಡ ತಾಳುವ ಪಾತ್ರೆಗಳ) ತಪಾಸಣೆಯಲ್ಲೇ ಹೊಟ್ಟೆ ಹೊರೆಯುವ ನನ್ನ ಕಣ್ಣಿಗೂ ಅದರ ಬೆಸುಗೆಯಲ್ಲಿ ಹೆಸರಿಸುವಂಥ ಹುಳುಕು ಕಾಣಲಿಲ್ಲ. ಕೇಳಿದವರಿಗೆಲ್ಲ ಡ್ರಾಯಿಂಗನ್ನು ಉಚಿತವಾಗಿ ಕಳಿಸುತ್ತೇನೆ ಎಂದೂ ಆತ ಹೇಳಿದ. ಅಲ್ಲಿಯವರೆಗೆ ನಾನು ಆತನ ಅಭಿಮಾನಿಯೇ ಆಗಿದ್ದೆ. ಕೊನೆಯಲ್ಲಿ ಯಾರೋ ಒಟ್ಟು ಎಷ್ಟಾಯಿತು ಎಂದು ಕೇಳಿದ್ದಕ್ಕೆ ಆತ ನಕ್ಕು, "ಒಂದು ಸಣ್ಣ ಕಾರಿನ ಬೆಲೆಗಿಂತ ಕಡಿಮೆ" ಎಂದುಬಿಟ್ಟ. ಯಾವ ಕಾರು, ಹೊಸದೋ ಹಳೆಯದೋ, ಆ ಲೆಕ್ಕದಲ್ಲಿ ಏನು ಸೇರಿದೆ, ಏನನ್ನು ಬಿಟ್ಟಿದ್ದಾನೆ, ಒಂದೂ ಇಲ್ಲ. ನನಗೆ ಮೈ ಉರಿದದ್ದು ಅಲ್ಲಿ.

ನಮ್ಮಲ್ಲಿ ಮನೆ ಕಟ್ಟಿದವರೂ ಹೀಗೆಯೇ ಹೇಳುತ್ತಾರೆ. "ಇಷ್ಟು ಲಕ್ಷದಲ್ಲಿ ಮುಗಿಸಿದೆ" ಎನ್ನುವವರ ಲೆಕ್ಕದಲ್ಲಿ ಬೋರ್‌ವೆಲ್ ಇರುವುದಿಲ್ಲ, ಕಾಂಪೌಂಡ್ ಇರುವುದಿಲ್ಲ, ಭಾವಮೈದ ಕಡಿಮೆಗೆ ಕೊಡಿಸಿದ ಸಿಮೆಂಟಿನ ನಿಜವಾದ ಬೆಲೆ ಇರುವುದಿಲ್ಲ. ಅವರ ಮಾತು ನಂಬಿ ಪಾಯ ತೋಡಿದವನು ಹೆಚ್ಚೆಂದರೆ ಸಾಲಗಾರನಾಗುತ್ತಾನೆ. ಜಲಾಂತರ್ಗಾಮಿಯ ಲೆಕ್ಕ ನಂಬಿದವನು, ಹಣ ಮುಗಿದ ಮೇಲೂ ಕೆಲಸ ನಿಲ್ಲಿಸಲಾರದೆ, ಎಲ್ಲಿ ಉಳಿಸಬಾರದೋ ಸರಿಯಾಗಿ ಅಲ್ಲಿಯೇ ಉಳಿಸುತ್ತಾನೆ.

ಉಚಿತವಾಗಿಯೋ ಬೆಲೆಗೋ ನಕ್ಷೆಯನ್ನು ಬೇರೆಯವರಿಗೆ ಕೊಡುವುದು ಈ ಹವ್ಯಾಸಿಗಳ ಲೋಕದ ಹಳೆಯ ಒಳ್ಳೆಯ ಪದ್ಧತಿ. ಅಮೆರಿಕದ ನೌಕಾಪಡೆಯಲ್ಲಿ ಜಲಾಂತರ್ಗಾಮಿ ನಡೆಸಿ ನಿವೃತ್ತರಾದ ಜಾರ್ಜ್ ಕಿಟ್ರೆಜ್ ಅವರು ಮೇಯ್ನ್ ರಾಜ್ಯದಲ್ಲಿ ಪುಟ್ಟ ಜಲಾಂತರ್ಗಾಮಿಗಳನ್ನು ಕಟ್ಟಿ ಮಾರಿದ್ದಲ್ಲದೆ ಅವುಗಳ ನಕ್ಷೆಗಳನ್ನೂ ಮಾರಿದರು. 250 ಅಡಿಗೆ ಇಳಿಯುವ ಕೆ-250, 350 ಅಡಿಗೆ ಇಳಿಯುವ ಕೆ-350 ಎಂಬ ಹೆಸರುಗಳು ಹವ್ಯಾಸಿಗಳ ಬಾಯಲ್ಲಿ ಇಂದಿಗೂ ಓಡಾಡುತ್ತವೆ. ಆದರೆ ನಕ್ಷೆಯಲ್ಲಿ ಉಕ್ಕಿನ ದಪ್ಪ ಇರುತ್ತದೆ. ಆ ಉಕ್ಕನ್ನು ಸರಿಯಾಗಿ ದುಂಡಗೆ ಮಾಡಿಸಲು ಕೊಡಬೇಕಾದ ಕೂಲಿ ಇರುವುದಿಲ್ಲ.

ಈ ದುಂಡಗಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಖರ್ಚಿನ ಗುಟ್ಟು ಇರುವುದೇ ಅಲ್ಲಿ. ನಾನು ದಿನವೂ ನೋಡುವ ಬಾಯ್ಲರಿನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಡ್ರಮ್ಮು ತುಸು ಅಂಡಾಕಾರವಾಗಿದ್ದರೆ ಆ ಒತ್ತಡವೇ ಅದನ್ನು ದುಂಡಗಾಗಿಸಲು ನೋಡುತ್ತದೆ. ಜಲಾಂತರ್ಗಾಮಿಗೆ ಒತ್ತಡ ಹೊರಗಿನಿಂದ ಬರುತ್ತದೆ, ಮತ್ತು ಅದು ಇರುವ ಡೊಂಕನ್ನೇ ಇನ್ನಷ್ಟು ಡೊಂಕಾಗಿಸುತ್ತ ಹೋಗುತ್ತದೆ. ಕಣ್ಣಿಗೆ ಕಾಣದ ಕೆಲವು ಮಿಲಿಮೀಟರ್ ವ್ಯತ್ಯಾಸವಿದ್ದರೂ ಸಾಕು, ನಕ್ಷೆ ಹೇಳಿದ ಆಳಕ್ಕೆ ಮುಂಚೆಯೇ ಹಲ್ (ನೌಕೆಯ ಗಟ್ಟಿ ಹೊರಕವಚ) ಒಳಕ್ಕೆ ಕುಸಿಯಬಹುದು. ಹಾಗಾಗಿ ತಗಡನ್ನು ದುಂಡಗೆ ಬಾಗಿಸುವ ಒಳ್ಳೆಯ ರೋಲಿಂಗ್ ಯಂತ್ರ, ಒಳಗೆ ಉಂಗುರದಂಥ ಬಲಪಟ್ಟಿಗಳು, ಬೆಸುಗೆಯ ಎಕ್ಸ್‌ರೇ, ಎಲ್ಲಕ್ಕೂ ದುಡ್ಡು ಬೇಕು. "ತಗಡು ಇಷ್ಟಕ್ಕೆ ಸಿಕ್ಕಿತು" ಎಂಬ ಒಂದು ಸಾಲಿನಿಂದ ಹೊಸಬನಿಗೆ ಏನು ತಿಳಿಯಬೇಕು?

ಕಿಟಕಿಯ ಮಾತು ಇನ್ನೂ ಕೆಟ್ಟದ್ದು. ಇಪ್ಪತ್ತು ಸೆಂಟಿಮೀಟರ್ ಅಗಲದ ದುಂಡು ಕಿಟಕಿಯ ಮೇಲೆ ನೂರು ಮೀಟರ್ ಆಳದಲ್ಲಿ ಬೀಳುವ ಭಾರ ಮೂರು ಟನ್ನಿಗೂ ಮಿಕ್ಕಿದ್ದು. ಕಿಟಕಿಗೆ ಬಳಸುವ, ಗಾಜಿನಂಥ ಪ್ಲಾಸ್ಟಿಕ್ ಆದ ಅಕ್ರಿಲಿಕ್ ಅದನ್ನು ಧಾರಾಳವಾಗಿ ತಾಳುತ್ತದೆ, ಆದರೆ ಎರಕ ಹೊಯ್ದ ಒಳ್ಳೆಯ ಗಟ್ಟಿಯನ್ನು ಲೇತಿನಲ್ಲಿ ಕಡೆದು, ಆಮೇಲೆ ಓವನ್ನಿನಲ್ಲಿ ನಿಧಾನವಾಗಿ ಕಾಯಿಸಿ ಅಷ್ಟೇ ನಿಧಾನವಾಗಿ ಆರಿಸಿದ್ದರೆ ಮಾತ್ರ. ಹಾಗೆ ಮಾಡದೆ ಬಿಟ್ಟರೆ ಕಡೆಯುವಾಗ ಹುಟ್ಟಿದ ಸೆಳೆತ ಒಳಗೇ ಉಳಿದುಬಿಡುತ್ತದೆ, ಮುಂದೊಂದು ದಿನ ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಕೂದಲೆಳೆಯಂಥ ಬಿರುಕುಗಳ ಜಾಲವೇ ಎದ್ದು ಬರುತ್ತದೆ. ಈ ಓವನ್ನಿನ ಬಾಡಿಗೆ ಯಾರ ಪಟ್ಟಿಯಲ್ಲಿಯೂ ಇಲ್ಲ!

ಇನ್ನು ಭಾರದ ಲೆಕ್ಕ. ಹಲ್‌ನ ಹೊರಗಾತ್ರ ಎರಡು ಘನಮೀಟರ್ ಇದ್ದರೆ, ಅದು ನೀರಿನಲ್ಲಿ ಮುಳುಗಬೇಕಾದರೆ ಒಟ್ಟು ಎರಡು ಟನ್ ತೂಗಲೇಬೇಕು. ಉಕ್ಕಿನಿಂದ ಬಾರದ ತೂಕವನ್ನು ಬ್ಯಾಟರಿ, ಸೀಸಗಳಿಂದ ತುಂಬಬೇಕು. ಆಮೇಲೆ ಅಷ್ಟನ್ನೂ ಎತ್ತಲು ಕ್ರೇನ್, ಸಾಗಿಸಲು ಟ್ರೇಲರ್ ಬೇಕು. ಒಳಗೆ ಕೂತವರ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಲೈಮ್ ತೀರಿದಂತೆಲ್ಲ ಹೊಸದು ತರಬೇಕು. ಕೊನೆಗೆ, ಒಳಗೆ ಯಾರನ್ನೂ ಕೂರಿಸದೆ ಹಗ್ಗ ಕಟ್ಟಿ ನಿಜವಾಗಿ ಬಳಸುವ ಆಳಕ್ಕಿಂತ ಕೆಳಗೆ ಇಳಿಸಿ ನೋಡುವ ಪರೀಕ್ಷೆಗೆ ದೋಣಿ, ವಿಂಚ್, ಆಳುಗಳು. ಸಣ್ಣ ಕಾರಿನವನು ಇದರಲ್ಲಿ ಯಾವುದನ್ನು ಕೈಬಿಟ್ಟಿದ್ದಾನೆ ಎಂಬುದು ನನಗೆ ಗೊತ್ತಾಗಬೇಕು, ಅಷ್ಟೇ.

ಒಂದು ಆಕ್ಷೇಪಣೆ ಬರುತ್ತದೆಂದು ಬಲ್ಲೆ: ನಕ್ಷೆ, ಖರ್ಚು ಎಲ್ಲವನ್ನೂ ಬಿಚ್ಚಿಟ್ಟರೆ ಯಾವನೋ ಅರೆಬೆಂದವನು ಕಟ್ಟಿಕೊಂಡು ಸಾಯುತ್ತಾನೆ, ಆಗ ಕೋರ್ಟಿಗೆ ಅಲೆಯುವವರು ಯಾರು? ಕೇಳಲು ಜಾಣತನದ ಮಾತು. ಆದರೆ 2023ರ ಜೂನ್ 18ರಂದು ಟೈಟಾನಿಕ್ ನೋಡಲು ಹೋಗಿ ಐವರು ಸತ್ತದ್ದು ಬಿಚ್ಚಿಟ್ಟ ನಕ್ಷೆಯಿಂದಲ್ಲ. ಓಷನ್‌ಗೇಟ್ ಕಂಪನಿಯ ಆ ಟೈಟನ್ ನೌಕೆಯ ಹಲ್ ಕಾರ್ಬನ್ ಫೈಬರಿನದು. ಹೊರಗಿನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯುವುದು ಹೊಸ ಆವಿಷ್ಕಾರದ ವೇಗಕ್ಕೆ ಅಡ್ಡಿ ಎಂಬುದು ಕಂಪನಿಯ ವಾದ. ಟಿಕೆಟ್ಟಿನ ಬೆಲೆ ಎರಡೂವರೆ ಲಕ್ಷ ಡಾಲರ್ ಆಗಿತ್ತು. 2019ರ ಏಪ್ರಿಲಿನಲ್ಲಿ ಬಹಾಮಾಸ್ ಬಳಿ ಅದರಲ್ಲಿ ಇಳಿದು, ಹಲ್ ಬಿರಿಯುವ ಸದ್ದು ಕೇಳಿ, ಕಂಪನಿಯ ಮುಖ್ಯಸ್ಥರಿಗೆ ಪತ್ರ ಬರೆದು ಎಚ್ಚರಿಸಿದವರು ಯಾರು ಗೊತ್ತೇ? ಕಾರ್ಲ್ ಸ್ಟ್ಯಾನ್ಲಿ. ಹದಿನೈದನೆಯ ವಯಸ್ಸಿನಲ್ಲಿ ತನ್ನ ಮೊದಲ ಜಲಾಂತರ್ಗಾಮಿಗೆ ಕೈಹಚ್ಚಿ, ಈಗ ಹೊಂಡುರಾಸ್‌ನ ರೊಆಟಾನ್ ದ್ವೀಪದಲ್ಲಿ ತಾನೇ ಕಟ್ಟಿದ್ದರಲ್ಲಿ ಜನರನ್ನು ಆಳಕ್ಕೆ ಕರೆದೊಯ್ಯುವವರು. ಟೈಟನ್‌ನ ಆ ಹಲ್‌ನಲ್ಲಿ ಬಿರುಕು ಸಿಕ್ಕಿ ಕಂಪನಿಯವರು ಅದನ್ನು ಕೈಬಿಟ್ಟರು ನಿಜ, ಆದರೆ ಬದಲಿಗೆ ಕಟ್ಟಿದ್ದೂ ಕಾರ್ಬನ್ ಫೈಬರಿನದನ್ನೇ. ಐವರು ಹೋದದ್ದು ಆ ಎರಡನೆಯದರಲ್ಲಿ. ಹೊರಗಿನವರ ಕಣ್ಣಿಗೆ ಬಾಗಿಲು ಹಾಕಿಕೊಂಡವರ ಕತೆ ಹೀಗಿರುವಾಗ, ಹಂಚುವುದೇ ಅಪಾಯ ಎಂದು ಉಪದೇಶಿಸುವವರನ್ನು ಕಂಡರೆ ನನಗೆ ನಗುವೂ ಬರುವುದಿಲ್ಲ.

"ನನ್ನ ದುಡ್ಡು, ನನ್ನ ಜೇಬು, ನಿನಗೇಕೆ ಲೆಕ್ಕ?" ಎನ್ನುವವರೂ ಇದ್ದಾರೆ. ಸರಿಯೇ, ಆದರೆ ಹಾಗಾದರೆ ಸಣ್ಣ ಕಾರಿನ ಜಂಬವನ್ನೂ ಜೇಬಿನಲ್ಲಿಯೇ ಇಟ್ಟುಕೊಳ್ಳಲಿ.

ಇಷ್ಟು ಹಾರಾಡುವ ನನಗೆ ಈಜು ಬರುವುದಿಲ್ಲ ಎಂಬುದು ಗೆಳೆಯರಿಗೆಲ್ಲ ತಿಳಿದದ್ದೇ. ತಿಳಿಯದಿರುವುದು ಇನ್ನೊಂದಿದೆ: ಕೆ-350ಯನ್ನು ಇಲ್ಲಿಯ ಉಕ್ಕಿನ ದರಕ್ಕೆ, ಇಲ್ಲಿಯ ಕೂಲಿಗೆ ಹೊಂದಿಸಿದ ಎಕ್ಸೆಲ್ ಹಾಳೆಯೊಂದು ನನ್ನ ಲ್ಯಾಪ್‌ಟಾಪಿನಲ್ಲಿ ಬಹುಕಾಲದಿಂದ ಇದೆ, ಅದರ ಅರ್ಧಕ್ಕರ್ಧ ಚೌಕಗಳು ಖಾಲಿ, ಏಕೆಂದರೆ ಕಟ್ಟಿದವರು ಯಾರೂ ಆ ಅಂಕಿಗಳನ್ನು ಹೇಳುವುದಿಲ್ಲ. ಅಮೆರಿಕ, ಜರ್ಮನಿಗಳಲ್ಲಿರುವ ಗೆಳೆಯರಿಗೆ ಇಂಥವರ ಪರಿಚಯವಿದ್ದರೆ ದಯವಿಟ್ಟು ಕೇಳಿ ನೋಡಿ. ರಶೀದಿ ಬೇಡ, ಹೆಸರೂ ಬೇಡ, ಅಂಕಿ ಸಾಕು. ಕೆಟ್ಟುಹೋಗಿ ಎಸೆದ ಕಿಟಕಿಯ ಬೆಲೆಯನ್ನೂ, ಕ್ರೇನಿನ ಬಾಡಿಗೆಯನ್ನೂ ಬಿಡದೆ ಬರೆಯಲು ಹೇಳಿ.